ಲೇಡಿ ಡ್ರಿವನ್, ಸಿಂಗಲ್ ಓನರ್

"ಲೇಡಿ ಡ್ರಿವನ್ ಅಂತ ಹಾಕಿ ಮೇಡಂ, ಇಪ್ಪತ್ತು ಸಾವಿರ ಜಾಸ್ತಿ ಸಿಗುತ್ತೆ" ಅಂದರು ಕನ್ಸಲ್ಟೆಂಟ್. ಮೈಸೂರಿನಲ್ಲಿ ಹಳೇ ಕಾರುಗಳ ವ್ಯಾಪಾರ ಮಾಡುವವರನ್ನು ನಾವು ಹಾಗೇ ಕರೆಯುವುದು. 2023ರ ಜೂನ್ ತಿಂಗಳು. ನನ್ನ ಕೆಂಪು ಪೋಲೊ ಜಿಟಿ ಟಿಎಸ್‌ಐಗೆ ಎಂಟು ವರ್ಷ ತುಂಬಿತ್ತು, ಮೀಟರು 92 ಸಾವಿರ ತೋರಿಸುತ್ತಿತ್ತು. ಅವರು ಹೇಳಿದ್ದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಈ ವ್ಯಾಪಾರದಲ್ಲಿ ಹೆಂಗಸು ಓಡಿಸಿದ ಕಾರೆಂದರೆ ತರಕಾರಿಗೆ, ಮಕ್ಕಳ ಶಾಲೆಗೆ ಹೋಗಿಬಂದ ಕಾರು. ಡಾಕ್ಟರ್ ಓಡಿಸಿದ್ದೆಂದರೆ ಮನೆಯಿಂದ ಕ್ಲಿನಿಕ್ಕಿಗೆ ಹೋಗಿ ಹೊಂಗೆ ಮರದ ಕೆಳಗೆ ದಿನವಿಡೀ ನಿಂತ ಕಾರು. ಹೆಚ್ಚು ಓಡಿಲ್ಲ, ಓಡಿದ್ದರೂ ಮೆಲ್ಲಗೆ ಓಡಿದೆ ಎಂದು ಕೊಳ್ಳುವವರಿಗೆ ಧೈರ್ಯ ಹೇಳುವ ಉಪಾಯ ಅದು.

ನನ್ನದು ಓಡಿದ ಕಾರು. ಜೋರಾಗಿಯೇ ಓಡಿದ ಕಾರು. ಆಸ್ಪತ್ರೆಗಳ ಲ್ಯಾಬುಗಳಲ್ಲಿ ರಕ್ತ ಪರೀಕ್ಷೆ ಮಾಡುವ ಯಂತ್ರಗಳನ್ನು ಸರ್ವಿಸ್ ಮಾಡುವುದು ನನ್ನ ಕೆಲಸ. ಹಾಸನ, ಮಡಿಕೇರಿ, ಪುತ್ತೂರು, ಮಂಗಳೂರು ಎಲ್ಲ ನನ್ನ ಪಾಲಿಗೆ ಬಿದ್ದ ಊರುಗಳು. ಬೆಳಗ್ಗೆ ಐದಕ್ಕೆ ಕುವೆಂಪುನಗರ ಬಿಟ್ಟರೆ ಬಿಳಿಕೆರೆ ದಾಟುವಾಗ ಬೆಳಕಾಗುತ್ತಿತ್ತು. ಕುಶಾಲನಗರ ಕಳೆದು ಸುಂಟಿಕೊಪ್ಪದ ತಿರುವುಗಳು ಶುರುವಾದರೆ ನನಗೆ ಕೆಲಸಕ್ಕೆ ಹೋಗುತ್ತಿದ್ದೇನೆ ಅನ್ನುವುದೇ ಮರೆತುಹೋಗುತ್ತಿತ್ತು. ಆ ಘಟ್ಟಗಳನ್ನು ನಾನು ಆ ಕಾರಿನಲ್ಲಿ ಅನುಭವಿಸಿ ಹತ್ತಿದ್ದೇನೆ. ಹಾಗಿರುವಾಗ ಲೇಡಿ ಡ್ರಿವನ್ ಎಂದು ಬರೆದರೆ ಅಕ್ಷರಶಃ ನಿಜ, ಅರ್ಥದಲ್ಲಿ ಸುಳ್ಳು. ಹಾಕಲಿಲ್ಲ.

ಈ ಜಾತಿಯ ಕಾರುಗಳಿಗೆ ಹಾಟ್ ಹ್ಯಾಚ್ ಎಂದು ಹೆಸರು. ನೋಡಲು ಮನೆಮಂದಿಯ ಸಣ್ಣ ಕಾರು, ಎಂಜಿನ್ ಮಾತ್ರ ಬೇರೆಯದು. 1975ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನಕ್ಕೆ ಬಂದು ಮರುವರ್ಷ ಮಾರಾಟಕ್ಕಿಳಿದ ಗಾಲ್ಫ್ ಜಿಟಿಐಯಿಂದ ಈ ಹುಚ್ಚು ಜಗತ್ತಿಗೆ ಹಬ್ಬಿತು. ಕಂಪನಿಯ ಕೆಲವು ಎಂಜಿನಿಯರುಗಳು ಮೇಲಿನವರಿಗೆ ಹೇಳದೆ ಶುರುಮಾಡಿದ ಕೆಲಸವಂತೆ ಅದು. 5 ಸಾವಿರ ಕಾರು ಮಾರಿದರೆ ಸಾಕು ಅಂದುಕೊಂಡಿದ್ದರು. ಮೊದಲ ತಲೆಮಾರಿನದ್ದೇ ನಾಲ್ಕೂವರೆ ಲಕ್ಷ ದಾಟಿತು. ನಮ್ಮ ದೇಶಕ್ಕೆ ಅಂಥದ್ದು ಬರಬೇಕಾದರೆ ತೆರಿಗೆಯ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕು. ನಾಲ್ಕು ಮೀಟರಿಗಿಂತ ಉದ್ದವಿರಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ ಮೀರಬಾರದು. ಮೀರಿದರೆ ಸುಂಕ ಜಾಸ್ತಿ. ಆದ್ದರಿಂದ 2013ರಲ್ಲಿ ಬಂದ ಜಿಟಿ ಟಿಎಸ್‌ಐಗೆ 1,197 ಸಿಸಿಯ ಪುಟ್ಟ ಎಂಜಿನ್, ಅದಕ್ಕೊಂದು ಟರ್ಬೊ, ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್. 105 ಪಿಎಸ್ ಶಕ್ತಿ. ಯುರೋಪಿನವರು ನೋಡಿದರೆ ಇದನ್ನು ಹಾಟ್ ಅನ್ನುವುದಿಲ್ಲ, ಬೆಚ್ಚಗಿದೆ ಅಂದಾರು. ನಿಜವಾದ ಪೋಲೊ ಜಿಟಿಐ 2016ರಲ್ಲಿ ಇಲ್ಲಿಗೂ ಬಂತು, ಮೂರು ಬಾಗಿಲಿನದು, 26 ಲಕ್ಷದ ಹತ್ತಿರ ಬೆಲೆ. ಅದನ್ನು ಕೊಂಡವರನ್ನು ಬೆರಳಲ್ಲಿ ಎಣಿಸಬಹುದಿತ್ತು. ನಮ್ಮಂಥವರಿಗೆ ಬೆಚ್ಚಗಿದ್ದದ್ದೇ ಬೇಕಾದಷ್ಟಾಯಿತು.

ಜೋರಾಗಿ ಓಡಿಸುವುದಕ್ಕೂ ಚೆನ್ನಾಗಿ ನೋಡಿಕೊಳ್ಳುವುದಕ್ಕೂ ವಿರೋಧವಿಲ್ಲ ಎಂದು ಕೊಳ್ಳಲು ಬಂದವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಆ ಗೇರ್‌ಬಾಕ್ಸಿನಲ್ಲಿರುವುದು ಒಣ ಕ್ಲಚ್, ಒಂದಲ್ಲ ಎರಡು. ಅವನ್ನು ತಣ್ಣಗಿಡಲು ಎಣ್ಣೆಯ ಸ್ನಾನವಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಂಥ ಕಡೆ ಗಂಟೆಗಟ್ಟಲೆ ಇಂಚಿಂಚು ತೆವಳಿಸಿದರೆ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಕಾಯುತ್ತಲೇ ಇರುತ್ತದೆ. ಹೆದ್ದಾರಿಯಲ್ಲಿ ಓಡಿದರೆ ಅದಕ್ಕೆ ಕೆಲಸವೇ ಕಡಿಮೆ. ಅಂದರೆ ವಾರವಿಡೀ ಬೆಂಗಳೂರಿನ ಆಫೀಸಿಗೆ ಮೆಲ್ಲಗೆ ಹೋಗಿಬಂದ 40 ಸಾವಿರ ಕಿಲೋಮೀಟರಿನ ಕಾರಿಗಿಂತ ಘಟ್ಟ ಹತ್ತಿಳಿದ 92 ಸಾವಿರದ ಕಾರಿನ ಕ್ಲಚ್ಚೇ ವಾಸಿ ಇರುವ ಸಂಭವ ಹೆಚ್ಚು. ಟರ್ಬೊದ್ದೂ ಅಷ್ಟೇ. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಆ ಚಕ್ರಕ್ಕೆ ಎಣ್ಣೆಯೇ ಜೀವ. ಎಂಜಿನ್ ಬಿಸಿಯಾಗುವ ತನಕ ಪೆಡಲ್ ಒತ್ತಬಾರದು. ಘಟ್ಟ ಹತ್ತಿ ಬಂದ ಕೂಡಲೇ ಕೀಲಿ ತಿರುಗಿಸಿ ಆರಿಸಬಾರದು, ಒಂದೆರಡು ನಿಮಿಷ ಉಸಿರಾಡಲು ಬಿಡಬೇಕು. ನಡುವೆ ಎಷ್ಟು ಬೇಕಾದರೂ ಎಳೆಯಿರಿ. ಕಂಪನಿಯವರು 15 ಸಾವಿರಕ್ಕೊಮ್ಮೆ ಎಣ್ಣೆ ಬದಲಾಯಿಸಿ ಅಂದರೆ ನಾನು ಅದರ ಅರ್ಧಕ್ಕೇ ಬದಲಾಯಿಸುತ್ತಿದ್ದೆ. ಲ್ಯಾಬ್ ಯಂತ್ರಗಳಿಗೆ ಕ್ಯಾಲಿಬ್ರೇಷನ್ ದಾಖಲೆ ಬರೆಯುವ ಅಭ್ಯಾಸ ಕೈಗೆ ಅಂಟಿದ್ದರಿಂದ ಎಲ್ಲವೂ ಒಂದು ಬಾಕ್ಸ್ ಫೈಲಿನಲ್ಲಿ: ತಾರೀಕು, ಮೀಟರ್, ಎಣ್ಣೆಯ ಗ್ರೇಡು, ಬಿಲ್ಲು. ವೈಪರ್ ರಬ್ಬರಿನ ಬಿಲ್ಲು ಕೂಡ.

ಅಷ್ಟು ಇಷ್ಟವಿದ್ದ ಕಾರನ್ನು ಮಾರಲು ಅಮ್ಮನ ಮಂಡಿ ಕಾರಣ. "ಈ ಕಾರಿಗೆ ಹತ್ತೋದಲ್ಲ ಕಣೇ, ಇಳಿಯೋದು" ಎಂದು ಅವರು ಹೇಳುತ್ತಿದ್ದದ್ದು ತಮಾಷೆಗಾಗಿಯೇ. ಆಮೇಲೆ ತಮಾಷೆ ಹೋಯಿತು. ಫಿಸಿಯೋಥೆರಪಿಗೆ ಕರೆದೊಯ್ದಾಗಲೆಲ್ಲ ಸೀಟಿನಿಂದ ಎಬ್ಬಿಸಲು ಆಸ್ಪತ್ರೆಯ ವಾರ್ಡ್ ಬಾಯ್ ಒಬ್ಬ ಬರಬೇಕಾಗುತ್ತಿತ್ತು. ಹಿಂದಿನ ಸೀಟಿನಲ್ಲಂತೂ ಪೋಲೊ ಎಂದೂ ಯಾರಿಗೂ ಕಾಲು ಚಾಚಲು ಕೊಟ್ಟದ್ದಲ್ಲ. ಎತ್ತರದ ಸೀಟಿನ ಕಾರು ತರಲೇಬೇಕಿತ್ತು.

ಮೊದಲು ಮನೆಗೇ ಬಂದು ಕಾರು ಕೊಳ್ಳುವ ಕಂಪನಿಯೊಂದಕ್ಕೆ ಫೋನ್ ಮಾಡಿದೆ. ಟ್ಯಾಬ್ ಹಿಡಿದ ಹುಡುಗ ಬಂದ, ಬಹಳ ಮರ್ಯಾದಸ್ಥ. ಕಾರಿನ ಸುತ್ತ ತಿರುಗಿ ಒಂದೊಂದು ತಗಡಿಗೂ ಫೋಟೊ ತೆಗೆದ. ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚಿ ನೋಡಿದ, ಏನೂ ದೋಷ ಬರಲಿಲ್ಲ. ಎಡ ಹಿಂಬದಿಯ ಬಾಗಿಲಿಗೆ ಪೇಂಟ್ ಆಗಿರುವುದನ್ನು ನಾನೇ ತೋರಿಸಿದೆ. ಗೇಟಿಗೆ ಉಜ್ಜಿದ್ದು, ಇನ್ಶೂರೆನ್ಸ್ ಕ್ಲೇಮ್ ಮಾಡದೆ ಕೈಯಿಂದ ಕೊಟ್ಟು ಮಾಡಿಸಿದ್ದು. "ರಿಪೇಂಟ್, ಯೆಸ್" ಎಂದು ಒತ್ತಿದ. ಫೈಲ್ ತಂದು ಮುಂದಿಟ್ಟೆ. ಎರಡು ಹಾಳೆ ತಿರುವಿ, ಟ್ಯಾಬ್ ಮೇಲೆ ಕೆಳಗೆ ಸರಿಸಿ, "ಇದನ್ನ ಹಾಕೋಕೆ ಆಪ್ಷನ್ ಇಲ್ಲ ಮೇಡಂ. ಸರ್ವಿಸ್ ಹಿಸ್ಟರಿ ಇದೆ, ಇಲ್ಲ ಅಷ್ಟೇ ಬರೋದು" ಅಂದ. 'ಇದೆ' ಒತ್ತಿದ. ಸಂಜೆಗೆ ಬೆಲೆ ಬಂತು: 4 ಲಕ್ಷ 70 ಸಾವಿರ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ವರ್ಷ, ಮೀಟರು, ಎಷ್ಟನೇ ಓನರು, ಬಣ್ಣ ಬಳಿದಿದೆಯೋ ಇಲ್ಲವೋ, ಇಷ್ಟು ಗೊತ್ತಾದರೆ ಆ ಯಂತ್ರಕ್ಕೆ ಕಾರು ಗೊತ್ತಾದಂತೆ. ಎಂಟು ವರ್ಷದ ಎಣ್ಣೆಗೂ ಪ್ರೀತಿಗೂ ಅಲ್ಲಿ ಮನೆ ಇರಲಿಲ್ಲ.

ಸರಿ, ನಾನೇ ಮಾರುತ್ತೇನೆ ಅಂತ ಕೂತೆ. ಆಗ ಕಾಲವೂ ಅನುಕೂಲವಾಗಿತ್ತು. ಹನ್ನೆರಡು ವರ್ಷ ಓಡಿದ ಪೋಲೊವನ್ನು 2022ರಲ್ಲಿ ಇಲ್ಲಿ ನಿಲ್ಲಿಸಿಬಿಟ್ಟಿದ್ದರು. 2020ರಿಂದಾಚೆಗೆ ಬಂದವುಗಳಲ್ಲಿ ಎಂಜಿನ್ ಮೂರು ಸಿಲಿಂಡರಿನದಾಗಿತ್ತು, ಆಟೊಮ್ಯಾಟಿಕ್‌ನಲ್ಲಿ ಡಿಎಸ್‌ಜಿ ಹೋಗಿ ಆರು ಗೇರಿನ ಬೇರೆ ಪೆಟ್ಟಿಗೆ ಬಂದಿತ್ತು. ಹಳೆಯ ನಾಲ್ಕು ಸಿಲಿಂಡರಿನದೇ ಬೇಕು ಅನ್ನುವ ಒಂದು ಪಂಗಡ ಹುಟ್ಟಿಕೊಂಡಿತ್ತು. 6 ಲಕ್ಷ 25 ಸಾವಿರ ಎಂದು ಜಾಹೀರಾತು ಹಾಕಿದೆ. ಘಟ್ಟದ ರಸ್ತೆಯಲ್ಲಿ ಓಡಿಸಿದ್ದೇನೆ, ಒಂದು ಬಾಗಿಲಿಗೆ ಪೇಂಟ್ ಆಗಿದೆ, ಎಲ್ಲ ಬಿಲ್ ಇದೆ ಎಂದೂ ಬರೆದೆ.

ಫೋನುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮಾರಿದವರಿಗೆಲ್ಲ ಗೊತ್ತಿರುವುದೇ. ಕಾರು ನೋಡದೆಯೇ "ಫೈನಲ್ ಎಷ್ಟು?" ಎಂದವರು. ಗಡಿಯಲ್ಲಿ ಡ್ಯೂಟಿಯಲ್ಲಿದ್ದೇನೆ, ಕಾರು ಬೇಡ ಫೋಟೊ ಸಾಕು, ಕ್ಯೂಆರ್ ಕೋಡ್ ಕಳಿಸುತ್ತೇನೆ ಸ್ಕ್ಯಾನ್ ಮಾಡಿ ಅಂದ ಮೋಸಗಾರರು. ಪೂರ್ತಿ ನಗದು ಕೊಡುತ್ತೇನೆ ಎಂದ ಒಬ್ಬರು. ಎರಡು ಲಕ್ಷ ಮುಟ್ಟಿದ ಮೇಲೆ ನಗದು ತೆಗೆದುಕೊಳ್ಳುವಂತಿಲ್ಲ ಎಂಬ ಕಾನೂನು 2017ರಿಂದ ಇದೆ ಅಂದರೆ "ಅಯ್ಯೋ ಅದೆಲ್ಲ ಯಾರು ನೋಡ್ತಾರೆ ಬಿಡಿ" ಎಂದರು. ಅರ್ಧದಷ್ಟು ಜನ "ಸಾರ್ ಇಲ್ವಾ ಮೇಡಂ?" ಎಂದೇ ಶುರುಮಾಡುತ್ತಿದ್ದರು. "ಸಾರ್ ಇಲ್ಲ, ಕಾರು ನಂದೇ, ಕೇಳಿ" ಅಂದರೆ ಒಂದು ಕ್ಷಣ ತಡೆದು, "ಮೈಲೇಜ್ ಎಷ್ಟು ಕೊಡುತ್ತೆ?" ಊರಲ್ಲಿ ಹನ್ನೊಂದು, ಹೆದ್ದಾರಿಯಲ್ಲಿ ಕಾಲು ಹದ್ದುಬಸ್ತಿನಲ್ಲಿದ್ದರೆ ಹದಿನೈದು ಎಂದು ಇದ್ದದ್ದು ಹೇಳುತ್ತಿದ್ದೆ. ಸುಮಾರು ಕರೆಗಳು ಅಲ್ಲಿಗೇ ಮುಗಿಯುತ್ತಿದ್ದವು. ಒಳ್ಳೆಯದೇ ಆಯಿತು.

ಬಂದವರಲ್ಲಿ ಮೊದಲಿಗ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, ಜೊತೆಗೊಬ್ಬ ಗೆಳೆಯ. ಮೂರು ತಿಂಗಳ ಹಿಂದಷ್ಟೇ ಪ್ರಧಾನಿ ಉದ್ಘಾಟಿಸಿದ್ದ ಎಕ್ಸ್‌ಪ್ರೆಸ್‌ವೇಯಲ್ಲಿ ಎಷ್ಟು ಬೇಗ ಬಂದೆ ಎಂಬ ವರದಿಯಿಂದಲೇ ಮಾತು ಶುರು. ಗೆಳೆಯ ಹಿಂದೆ ಮುಂದೆ ಬಗ್ಗಿ ಮ್ಯಾಟ್ ಎತ್ತಿ ಮೂಸಿದ, ಸೀಟ್ ಬೆಲ್ಟ್ ಪೂರ್ತಿ ಎಳೆದು ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಇದೆಯೇ ನೋಡಿದ. ಹಿಂದಿನ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆಯೆಲ್ಲ ನೀರು ನುಗ್ಗಿ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ್ದವಲ್ಲ, ಅವು ತೊಳೆದು ಒರೆಸಿಕೊಂಡು ಮಾರುಕಟ್ಟೆಗೆ ಬಂದಿವೆ ಎಂಬ ಭಯ ಆಗ ಎಲ್ಲರಿಗೂ ಇತ್ತು. ಆ ಗೆಳೆಯನ ಮೇಲೆ ನನಗೆ ಗೌರವ ಬಂತು. ಕೊಳ್ಳುವ ಹುಡುಗ ಮಾತ್ರ ಬಾನೆಟ್ ಎತ್ತಿ, "ಮೇಡಂ, ಮಿಂಟ್ ಕಂಡೀಷನ್! ಸ್ಟೇಜ್ ಒನ್ ಮಾಡಿಸಿದ್ರೆ ರಾಕೆಟ್" ಎನ್ನುತ್ತಲೇ ಇದ್ದ. ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಪಾಠ ಹೇಳಿಸಿ ಇನ್ನಷ್ಟು ಕುದುರೆಶಕ್ತಿ ಹಿಂಡುವ ಕೆಲಸ ಅದು.

ಕೀಲಿ ಕೊಟ್ಟೆ, ಪಕ್ಕದಲ್ಲಿ ಕೂತೆ. ರಾತ್ರಿಯಿಡೀ ನಿಂತಿದ್ದ ಎಂಜಿನ್. ಗಲ್ಲಿಯಿಂದ ಮುಖ್ಯರಸ್ತೆಗೆ ತಿರುಗಿದ್ದೇ ತಡ, ಪೆಡಲನ್ನು ನೆಲಕ್ಕೊತ್ತಿದ. ಸುತ್ತಿನ ಮುಳ್ಳು ಕೆಂಪಿನ ಹತ್ತಿರ ಹೋಯಿತು. ಬಿಸಿಯ ಮುಳ್ಳು ಇನ್ನೂ ಎದ್ದೇ ಇರಲಿಲ್ಲ. "ಪಕ್ಕಕ್ಕೆ ಹಾಕಪ್ಪ" ಅಂದೆ. ಹಾಕಿದ. ನಾನೇ ಓಡಿಸಿಕೊಂಡು ಮನೆಗೆ ಬಂದೆ. ಅಷ್ಟಾದ ಮೇಲೂ "ಸೂಪರ್ ಪಿಕಪ್ ಮೇಡಂ, ಐದು ಇಪ್ಪತ್ತಕ್ಕೆ ಕೊಡಿ, ಈಗಲೇ ಟೋಕನ್ ಅಡ್ವಾನ್ಸ್ ಹಾಕ್ತೀನಿ" ಅಂದ. ಹೊಗಳಿಕೆಯ ಮಟ್ಟಕ್ಕೂ ಹೇಳಿದ ಬೆಲೆಗೂ ಸಂಬಂಧವೇ ಇರಲಿಲ್ಲ.

ಇನ್ನೊಬ್ಬರು ಸುಲ್ತಾನ್ ಬತ್ತೇರಿಯಿಂದ ಬಂದರು. ಕೇರಳದಲ್ಲಿ ಪೋಲೊ ಮೇಲಿನ ಮೋಹ ನಮ್ಮವರದ್ದಕ್ಕಿಂತ ಒಂದು ಕೈ ಮೇಲು. ಆತ ಕಾರನ್ನು ಸುತ್ತುಹಾಕಿ ಅಕ್ಕರೆಯಿಂದ ಚಕ್ರ ಮುಟ್ಟಿ ನೋಡಿದರು. ನಿಜವಾಗಿ ಇಷ್ಟವಾಗಿತ್ತು. ಅಡ್ಡ ಬಂದದ್ದು ಗಡಿ. ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಲ್ಲಿ ಮತ್ತೆ ರಸ್ತೆ ತೆರಿಗೆ, ಇಲ್ಲಿ ಕಟ್ಟಿದ್ದ ಆಜೀವ ತೆರಿಗೆಯಲ್ಲಿ ಉಳಿದದ್ದನ್ನು ವಾಪಸ್ ಕೇಳುವ ಓಡಾಟ. ಕಾರು ಕೊಂಡಾಗ ಬೆಲೆಯ ನೂರಕ್ಕೆ 14ರಷ್ಟು ತೆರಿಗೆ, ಅದರ ಮೇಲೆ ಸೆಸ್ ಎಂದು ಕಟ್ಟಿದ್ದೆ. ಕರ್ನಾಟಕದ ತೆರಿಗೆ ದೇಶದಲ್ಲೇ ಹೆಚ್ಚಿನವುಗಳಲ್ಲಿ ಒಂದು. ಅಷ್ಟನ್ನೂ ಲೆಕ್ಕ ಹಾಕಿದರೆ ಅವರು ಕೇಳಿದ ಬೆಲೆ ನ್ಯಾಯವಾದದ್ದೇ, ನನಗೆ ಒಪ್ಪುವಂತಿರಲಿಲ್ಲ ಅಷ್ಟೇ. ಕಾಫಿ ಕುಡಿಯುತ್ತಾ ಗಡಿಯಾರ ನೋಡಿದವರು ದಡಬಡಿಸಿ ಎದ್ದರು. ಬಂಡೀಪುರದ ಗೇಟು ಒಂಬತ್ತಕ್ಕೆ ಮುಚ್ಚುತ್ತದೆ, ತಪ್ಪಿದರೆ ಬೆಳಗ್ಗೆ ಆರರ ತನಕ ಗುಂಡ್ಲುಪೇಟೆಯೇ ಗತಿ. "ಕೊಡೋದಾದ್ರೆ ಫೋನ್ ಮಾಡಿ ಚೇಚಿ" ಎಂದು ಓಡಿದರು.

ಹಾಸನದವರು ಫೋನ್ ಮಾಡಿದಾಗ ಮೈಲೇಜ್ ಕೇಳಲಿಲ್ಲ. ಡೀಸೆಲ್ ಪಂಪ್ ಮತ್ತು ಇಂಜೆಕ್ಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು, ಐವತ್ತೈದರ ಆಸುಪಾಸು. "ಎಣ್ಣೆ ಎಷ್ಟಕ್ಕೆ ಬದಲಾಯಿಸ್ತಿದ್ರಿ?" ಎಂದರು. ಹೇಳಿದೆ. "ಘಟ್ಟದಲ್ಲಿ ಓಡಿಸಿದೀನಿ ಅಂತ ಬರ್ದಿದೀರಲ್ಲ, ಇಳಿಯೋವಾಗ ಬ್ರೇಕ್ ಮೇಲೇ ಇಳಿಸ್ತಿದ್ರೋ, ಗೇರ್ ಮೇಲೋ?" ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಗೇರ್ ಮೇಲೆ, ಲಿವರನ್ನು ಮ್ಯಾನುಯಲ್ಲಿಗೆ ಹಾಕಿಕೊಂಡು ಅಂದೆ. "ಹಂಗಾದ್ರೆ ಭಾನುವಾರ ಬರ್ತೀವಿ. ನಾವು ಬರೋ ತನಕ ಸ್ಟಾರ್ಟ್ ಮಾಡಬೇಡಿ ಮೇಡಂ."

ಭಾನುವಾರ ಎಂಟಕ್ಕೆ ಗಂಡ ಹೆಂಡತಿ ಇಬ್ಬರೂ ಬಂದರು. ಗಂಡ ನಮಸ್ಕಾರ ಮಾಡಿ ಒಳಗೆ ಬರುವ ಮೊದಲೇ ಬಾನೆಟ್ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಕಾಫಿ ಆಮೇಲೆ ಕುಡಿಯುತ್ತೇನೆಂದು ಚೀಲದಿಂದ ಹಳೇ ಬೆಡ್‌ಶೀಟ್ ಒಂದನ್ನು ತೆಗೆದು ಕಾರಿನ ಪಕ್ಕ ಹಾಸಿ, ಟಾರ್ಚ್ ಹಿಡಿದು ಅಂಗಾತ ಮಲಗಿ ಕೆಳಗೆ ಸರಿದರು. ಬಹಳ ಹೊತ್ತು ಅವರ ಪಾದಗಳು ಮಾತ್ರ ಕಾಣುತ್ತಿದ್ದವು. ಹೆಂಡತಿ ಆಲೂರಿನ ಕಡೆ ಹೈಸ್ಕೂಲಿನಲ್ಲಿ ಗಣಿತದ ಟೀಚರಂತೆ, ಅಮ್ಮನ ಜೊತೆ ಮಂಡಿನೋವಿನ ಎಣ್ಣೆಗಳ ಬಗ್ಗೆ ಮಾತಿಗೆ ಕೂತರು.

ಕೆಳಗಿನಿಂದ ಎದ್ದವರು ಟೈರಿಗೆ ಬಂದರು. ಟೈರಿನ ಪಕ್ಕೆಯಲ್ಲಿ ನಾಲ್ಕಂಕಿ ಅಚ್ಚಾಗಿರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕನ್ನೂ ಓದಿದರು, ಡಿಕ್ಕಿ ತೆಗೆದು ಸ್ಟೆಪ್ನಿಯದನ್ನೂ ಓದಿದರು. "ಮುಂದಿಂದು ಎರಡು 2018ರದ್ದು. ರಬ್ಬರ್ ಇದೆ, ಆದ್ರೆ ಗಟ್ಟಿಯಾಗಿದೆ." ಉಗುರಿನಿಂದ ಒತ್ತಿ ತೋರಿಸಿದರು. ಪೇಂಟ್ ಆದ ಬಾಗಿಲಿನ ರಬ್ಬರ್ ಸರಿಸಿ ಒಳಗಿನ ಅಂಚು ನೋಡಿದರು, ಕೀಲಿನ ಬೋಲ್ಟುಗಳ ಬಣ್ಣ ಒಡೆದಿಲ್ಲವೆಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅಂದರೆ ಬಾಗಿಲು ಬಿಚ್ಚಿಲ್ಲ, ದೊಡ್ಡ ಪೆಟ್ಟಲ್ಲ. ಎಣ್ಣೆಯ ಮುಚ್ಚಳ ತಿರುಗಿಸಿ ಅಡಿಭಾಗ ನೋಡಿದರು. ಆಮೇಲೆ ನನ್ನನ್ನು ಕರೆದು ಮುಂದಿನ ಎಡ ಚಕ್ರದ ಹಿಂದೆ ಟಾರ್ಚ್ ಹಾಯಿಸಿದರು. "ಇಲ್ಲಿ ನೋಡಿ. ಶಾಕ್ ಅಬ್ಸಾರ್ಬರ್ ಜಿನುಗ್ತಾ ಇದೆ." ಧೂಳು ಎಣ್ಣೆಗೆ ಅಂಟಿ ಕಪ್ಪು ಪಟ್ಟಿಯಾಗಿತ್ತು. ನನಗೆ ಅದು ಗೊತ್ತಿರಲಿಲ್ಲ. "ಎಂಟು ವರ್ಷಕ್ಕೆ ಸಹಜ" ಎಂದು ಅವರೇ ಸಮಾಧಾನ ಹೇಳಿದರು.

ಫೈಲನ್ನು ಅವರು ಹಿಂದಿನಿಂದ ಮುಂದಕ್ಕೆ ಓದಿದರು, ಕೊನೆಯ ಬಿಲ್ಲಿನಿಂದ ಮೊದಲನೆಯದಕ್ಕೆ. ಮೆಟ್ಟಿಲ ಮೇಲೆ ಕೂತು, ಕನ್ನಡಕ ಏರಿಸಿ, ಒಂದೊಂದು ಹಾಳೆಯ ಮೀಟರ್ ಅಂಕಿಯ ಮೇಲೆ ಬೆರಳಿಟ್ಟು. 2020ಕ್ಕೆ ಬಂದಾಗ ಬೆರಳು ನಿಂತಿತು. "ಇಲ್ಲಿ ಆರು ತಿಂಗಳು ಏನೂ ಇಲ್ಲ?" ಲಾಕ್‌ಡೌನ್, ಕಾರು ಶೆಡ್ಡಿನಲ್ಲೇ ಇತ್ತು, ಬ್ಯಾಟರಿ ಹೋಯಿತು, ಮುಂದಿನ ಹಾಳೆಯಲ್ಲಿ ಬಿಲ್ ಇದೆ ಅಂದೆ. ತಿರುವಿ ನೋಡಿ ತಲೆಯಾಡಿಸಿದರು. "ಓಡಿದ್ದಕ್ಕಿಂತ ನಿಂತಿದ್ದೇ ಗಾಡೀನ ಹಾಳು ಮಾಡೋದು ಮೇಡಂ. ನನ್ನ ಅಂಗಡಿಗೆ ಬರೋವು ಎಲ್ಲ ನಿಂತ ಪಂಪುಗಳೇ." ಕನ್ಸಲ್ಟೆಂಟರ ಎದುರು ಈ ಮಾತು ಹೇಳುವ ಆಳು ನನ್ನ ಜೊತೆ ಇರಬೇಕಿತ್ತು ಅನ್ನಿಸಿತು.

ಓಡಿಸಿ ನೋಡಲು ವರ್ತುಲ ರಸ್ತೆಗೆ ಹೋದೆವು. ಎಂಜಿನ್ ಬಿಸಿಯಾಗುವ ತನಕ ಅವರು ನಲವತ್ತು ದಾಟಲಿಲ್ಲ. ಒಂದು ಕಡೆ ಉದ್ದನೆಯ ಕಾಂಪೌಂಡ್ ಗೋಡೆ ಸಿಕ್ಕಿತು. ಗಾಜು ಇಳಿಸಿ ಆ ಗೋಡೆಗೆ ಹತ್ತಿರವಾಗಿ ಓಡಿಸಿದರು. ಗೋಡೆಗೆ ಬಡಿದು ವಾಪಸ್ ಬರುವ ಸದ್ದಿನಲ್ಲಿ ಬೇರಿಂಗಿನ ಗುಂಯ್‌ಗುಟ್ಟುವಿಕೆ ಇದ್ದರೆ ಕೇಳುತ್ತದಂತೆ. ಇಷ್ಟು ವರ್ಷ ಯಂತ್ರಗಳ ನಡುವೆ ಇದ್ದೂ ನನಗೆ ಗೊತ್ತಿರದ ವಿದ್ಯೆ. ಆಮೇಲೆ ಖಾಲಿ ಜಾಗದಲ್ಲಿ ನಿಲ್ಲಿಸಿ ಮುಂದಕ್ಕೂ ಹಿಂದಕ್ಕೂ ಗೇರ್ ಬದಲಾಯಿಸಿ ಎಷ್ಟು ಹೊತ್ತಿಗೆ ಹಿಡಿಯುತ್ತದೆ ಎಂದು ಕಿವಿಗೊಟ್ಟು ಕೂತರು.

"ಆಯ್ತಾ ನಿಮ್ದು? ಇಳೀರಿ, ನಾನು ನೋಡ್ತೀನಿ" ಎಂದು ಹಿಂದಿನ ಸೀಟಿನಿಂದ ಟೀಚರು.

ಕಾರು ಅವರಿಗಂತೆ. ಅದುವರೆಗೆ ಯಾರೂ ಆ ವಿಷಯ ನನಗೆ ಹೇಳಿರಲಿಲ್ಲ. ಟೀಚರು ಸೀಟು ಮುಂದಕ್ಕೆಳೆದು, ಸೆರಗು ಸಿಕ್ಕಿಸಿ, ಕನ್ನಡಿ ಸರಿಮಾಡಿಕೊಂಡು ಹೊರಟರು. ಮುಂದೆ ಮರಳಿನ ಲಾರಿ. ಎದುರಿಗೆ ಖಾಲಿ ಬಲಗಡೆ. ಇಂಡಿಕೇಟರ್ ಹಾಕಿ ಪೆಡಲ್ ಒತ್ತಿದರು. ಗೇರ್‌ಬಾಕ್ಸ್ ಎರಡು ಮೆಟ್ಟಿಲು ಇಳಿದು, ಟರ್ಬೊ ಉಸಿರೆಳೆದು, ಲಾರಿ ಹಿಂದೆ ಸರಿದುಹೋಯಿತು. "ಅಯ್ಯಯ್ಯೋ!" ಎಂದರು. ಹೆದರಿಕೆಯ ದನಿಯಲ್ಲ ಅದು. ಪಕ್ಕದಲ್ಲಿ ಕೂತವರು "ನಿಧಾನ ಕಣೇ" ಅಂದರೂ ಮುಖದಲ್ಲಿ ನಗು ಇತ್ತು.

ಚೌಕಾಸಿಗೆ ಐದು ನಿಮಿಷವೂ ಹಿಡಿಯಲಿಲ್ಲ. ನನ್ನ ಫೈಲಿನ ಹಿಂಬದಿಯ ಖಾಲಿ ಹಾಳೆಯಲ್ಲೇ ಬರೆದರು: ಶಾಕ್ ಅಬ್ಸಾರ್ಬರ್ ಒಂದೇ ಹಾಕುವ ಹಾಗಿಲ್ಲ, ಜೋಡಿ, ಕೂಲಿ ಸೇರಿ 16 ಸಾವಿರ. ಮುಂದಿನ ಟೈರ್ ಎರಡು, 14 ಸಾವಿರ. ಒಟ್ಟು 30. "ಆರು ಇಪ್ಪತ್ತೈದರಲ್ಲಿ ಮೂವತ್ತು ಕಳೀರಿ. ಮಿಕ್ಕಿದ್ದಕ್ಕೆಲ್ಲ ನೀವು ಹೇಳಿದ್ದೇ ಸರಿ." ಪೇಂಟ್ ಆದ ಬಾಗಿಲಿಗಾಗಲಿ, 92 ಸಾವಿರಕ್ಕಾಗಲಿ, ಘಟ್ಟಕ್ಕಾಗಲಿ ಒಂದು ರೂಪಾಯಿಯೂ ಕಡಿಯಲಿಲ್ಲ. ಬಂದವರೆಲ್ಲರಲ್ಲಿ ಹೆಚ್ಚು ದೋಷ ಹುಡುಕಿದವರು ಅವರು, ಹೆಚ್ಚು ಬೆಲೆ ಕೊಟ್ಟವರೂ ಅವರೇ. ಟೈರಿನ ಕಂಪನಿ ಯಾವುದೆಂದು ಟೀಚರು ಕೇಳಿ, ಅಂಗಡಿಯವರ ರೇಟು ಬೇರೆ ಇದೆ ಎಂದು ಗಂಡನ ಲೆಕ್ಕದಲ್ಲಿ ಎಂಟುನೂರು ರೂಪಾಯಿಯ ತಪ್ಪು ತೋರಿಸಿದರು. ಅದೂ ನನ್ನ ಪರವಾಗಿಯೇ. ಬಿಡಿ, 5 ಲಕ್ಷ 95 ಸಾವಿರಕ್ಕೆ ನಿಲ್ಲಿಸೋಣ ಎಂದು ನಾನೇ ಹೇಳಿದೆ.

ಕಾಗದಪತ್ರದ ವಿಷಯದಲ್ಲಿ ನಾನು ಹಟಮಾರಿ. ಸೋಮವಾರ ಬ್ಯಾಂಕಿನಿಂದ ಆರ್‌ಟಿಜಿಎಸ್‌ನಲ್ಲಿ ದುಡ್ಡು ಬಂತು. ಫಾರಂ 29, ಫಾರಂ 30ಕ್ಕೆ ಸಹಿ ಹಾಕಿ, ಚಾಸಿ ನಂಬರಿನ ಮೇಲೆ ಟೇಪ್ ಅಂಟಿಸಿ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದೆವು. ಡೆಲಿವರಿ ನೋಟ್ ಬರೆಯುವಾಗ ತಾರೀಕು ಮಾತ್ರವಲ್ಲ, ಗಂಟೆ ನಿಮಿಷವನ್ನೂ ಬರೆದೆ. ಅಲ್ಲಿಂದಾಚೆಗೆ ಕ್ಯಾಮೆರಾಕ್ಕೆ ಸಿಕ್ಕರೆ ದಂಡ ಅವರದು. ನನ್ನ ಹೆಸರಿನಲ್ಲಿದ್ದ ಬೆಂಗಳೂರಿನ ಹಳೇ ದಂಡಗಳನ್ನು ಆ ಫೆಬ್ರವರಿಯಲ್ಲಿ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟಾಗಲೇ ಕಟ್ಟಿ ಮುಗಿಸಿದ್ದೆ. ಡೆಲಿವರಿ ನೋಟ್ ಇದ್ದರೆ ಸಾಕು ಎಂದು ನಂಬಿದವರು ನಮ್ಮಲ್ಲಿ ಬಹಳ ಜನ. 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದು ಬಂದಿದೆ: ಒಬ್ಬರು 2007ರಲ್ಲಿ ಮಾರಿದ ಕಾರು ಕೈಯಿಂದ ಕೈಗೆ ದಾಟುತ್ತಾ ಹೋಯಿತು, ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿಯಿತು, 2009ರಲ್ಲಿ ಅದು ಅಪಘಾತ ಮಾಡಿತು. ಪರಿಹಾರದ ಹೊಣೆ ಯಾರದು? ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದಿತು ಕೋರ್ಟ್. ಆದ್ದರಿಂದ ಹಾಸನದವರಿಗೆ ವಾರಕ್ಕೊಮ್ಮೆ ಫೋನ್ ಮಾಡಿ ಪೀಡಿಸಿದೆ. ಅವರಿಗೆ ಬೇಸರವಾಗಲಿಲ್ಲ, "ನಾನೂ ಹಂಗೇ ಮಾಡ್ತಿದ್ದೆ" ಅಂದರು.

ಇನ್ಶೂರೆನ್ಸನ್ನು 14 ದಿನದೊಳಗೆ ಅವರ ಹೆಸರಿಗೆ ಬದಲಾಯಿಸಬೇಕಿತ್ತು, ಬದಲಾಯಿಸಿದರು. ನನ್ನ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್ ಕಾರಿನ ಜೊತೆ ಹೋಗುವುದಿಲ್ಲ, ಅದು ಮನುಷ್ಯರದು. ಪತ್ರ ಬರೆಸಿಕೊಂಡು ಹೊಸ ಕಾರಿನ ಪಾಲಿಸಿಗೆ ಹಾಕಿಸಿಕೊಂಡೆ. ಬಾಗಿಲಿನ ಪೇಂಟಿಗೆ ಕ್ಲೇಮ್ ಮಾಡದೆ ಕೈಯಿಂದ ಕೊಟ್ಟಿದ್ದಕ್ಕೆ ಅಲ್ಲಿ ಫಲ ಸಿಕ್ಕಿತು. ಫಾಸ್ಟ್ಯಾಗ್ ಮುಚ್ಚಿಸಿದೆ. ಅದನ್ನು ಮರೆತವರ ಖಾತೆಯಿಂದ ಬೇರೆಯವರ ಟೋಲ್ ಕಟ್ಟಾಗುತ್ತಲೇ ಇರುತ್ತದೆ. ಆರ್‌ಸಿ ವರ್ಗಾವಣೆಯಾಯಿತೆಂಬ ಮೆಸೇಜ್ ಬಂದ ದಿನ ಫೈಲಿನ ನನ್ನ ಪ್ರತಿಯನ್ನು ಕಪಾಟಿಗೆ ಸೇರಿಸಿದೆ. ಅಸಲಿ ಕಾರಿನ ಜೊತೆ ಹೋಗಿತ್ತು.

ದಸರಾ ರಜೆಯಲ್ಲಿ ಹಾಸನದವರ ಫೋನ್ ಬಂತು. ಶಾಕ್ ಅಬ್ಸಾರ್ಬರ್ ಹಾಕಿಸಿದ್ದಾಯಿತು, ಲೆಕ್ಕಕ್ಕಿಂತ ಒಂದು ಸಾವಿರ ಕಡಿಮೆಯೇ ಆಯಿತು ಎಂಬ ವರದಿ ಮುಗಿದ ಮೇಲೆ ದನಿ ತಗ್ಗಿಸಿದರು. "ಮೇಡಂ, ಹೆದ್ದಾರಿಯಲ್ಲಿ ಹದಿನೈದು ಕೊಡುತ್ತೆ ಅಂದಿದ್ರಿ. ಹಾಸನದಿಂದ ಆಲೂರಿಗೆ ಇವಳು ಓಡಿಸಿದ್ರೆ ಹನ್ನೊಂದೂ ಬರ್ತಾ ಇಲ್ಲ. ಇಂಜೆಕ್ಟರ್ ಏನಾದ್ರೂ ನೋಡ್ಬೇಕಾ?"

ಇಂಜೆಕ್ಟರ್ ರಿಪೇರಿ ಮಾಡುವವರೇ ನನ್ನನ್ನು ಕೇಳುತ್ತಿದ್ದರು. ಏನೂ ನೋಡಬೇಡಿ ಸಾರ್, ಎಂಜಿನ್ ಸರಿಯಾಗಿದೆ ಅಂದೆ. ಹಿಂದಿನಿಂದ ಟೀಚರು "ಯಾರದು, ಮೈಸೂರಿನವರಾ? ನಾನೂ ಮಾತಾಡ್ತೀನಿ ಕೊಡಿ" ಎನ್ನುವುದು ಕೇಳಿಸಿತು.